ಮನೆಯಲ್ಲೇ ಹಿರಿಯರ ಆರೈಕೆ: ಸರಕಾರದ ಮೇಲ್ವಿಚಾರಣೆ ಎಲ್ಲಿಯವರೆಗೆ?

ಹಾನುಬಾಳು: ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿರುವ ಈ ಹೋಬಳಿಯಲ್ಲಿ ಮನೆಗಳು ಕಾಫಿ ತೋಟಗಳ ನಡುವೆ ಚದುರಿಕೊಂಡಿವೆ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳಿಸುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ, ಫೋನ್ ಸಿಗುವುದಿಲ್ಲ, ಆನೆಗಳ ಭಯದಿಂದ ಬೆಳಿಗ್ಗೆ ಸಂಜೆ ಓಡಾಡುವುದು ಕಷ್ಟ. ಮಕ್ಕಳು ಬೆಂಗಳೂರು, ಮಂಗಳೂರು ಅಥವಾ ಕೊಲ್ಲಿ ದೇಶಗಳಲ್ಲಿ. ಮನೆಯಲ್ಲಿ ಉಳಿದಿರುವವರು ಎಪ್ಪತ್ತು, ಎಂಬತ್ತು ದಾಟಿದ ತಂದೆ ತಾಯಿ. ಅವರನ್ನು ನೋಡಿಕೊಳ್ಳಲು ಯಾವುದೋ ಏಜೆನ್ಸಿಯಿಂದ ಬಂದ ಒಬ್ಬ ಹೋಂ ನರ್ಸ್.

ಆ ಹೋಂ ನರ್ಸ್ ತರಬೇತಿ ಪಡೆದವಳೇ? ಹೊತ್ತಿಗೆ ಸರಿಯಾಗಿ ಔಷಧಿ ಕೊಡುತ್ತಾಳೆಯೇ? ಹಾಸಿಗೆ ಹಿಡಿದ ಅಜ್ಜನಿಗೆ ಬೆನ್ನಹುಣ್ಣು ಆಗಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅವಳ ಮೇಲೆ, ಅವಳನ್ನು ಕಳುಹಿಸಿದ ಏಜೆನ್ಸಿಯ ಮೇಲೆ ಸರಕಾರದ ಕಣ್ಣು ಇದೆಯೇ? ಸಕಲೇಶಪುರ, ಆಲೂರು ಭಾಗದಲ್ಲಿ ಮಾತ್ರವಲ್ಲ, ಕರಾವಳಿಯ ಧರ್ಮಕೇಂದ್ರಗಳಲ್ಲೂ ಮನೆಮನೆಗೆ ಭೇಟಿ ನೀಡುವ ಕಾರ್ಯಕರ್ತರು ಈ ಪ್ರಶ್ನೆ ಎದುರಿಸುತ್ತಾರೆ. ಈ ಬಗ್ಗೆ ಕಾನೂನಿನಲ್ಲಿ ಏನಿದೆ, ಏನಿಲ್ಲ ಎಂಬ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

2007ರ ಕಾಯಿದೆ

ಹಿರಿಯರ ರಕ್ಷಣೆಗೆ ಇರುವ ಮುಖ್ಯ ಕಾನೂನು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007. ಇದರ ಜಾರಿಗಾಗಿ ಕರ್ನಾಟಕ ಸರಕಾರ 2009ರಲ್ಲಿ ನಿಯಮಗಳನ್ನು ಮಾಡಿತು. 60 ವರ್ಷ ತುಂಬಿದ ಭಾರತೀಯರೆಲ್ಲರೂ ಈ ಕಾಯಿದೆಯಡಿ ಹಿರಿಯ ನಾಗರಿಕರು.

ತಮ್ಮ ದುಡಿಮೆ ಅಥವಾ ಆಸ್ತಿಯಿಂದ ಜೀವನ ಸಾಗಿಸಲು ಸಾಧ್ಯವಿಲ್ಲದ ಹಿರಿಯರು ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಪಡೆದಿರುವ ಅಥವಾ ಪಡೆಯಲಿರುವ ಸಂಬಂಧಿಕರಿಂದ ಕೇಳಬಹುದು. ಇದನ್ನು ವಿಚಾರಿಸುವ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಹಾನುಬಾಳಿನವರಿಗೆ ಈ ಕಚೇರಿ ಸಕಲೇಶಪುರದಲ್ಲೇ ಇದೆ. ನೋಟಿಸು ತಲುಪಿದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂ. ದಿನವಿಡೀ ಇರುವ ಹೋಂ ನರ್ಸ್‌ನ ಸಂಬಳಕ್ಕೆ ಈ ಮೊತ್ತ ಸಾಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಧರ್ಮಕೇಂದ್ರದ ಕಾರ್ಯಕರ್ತರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಿರಿಯರು ಸ್ವತಃ ಬರಲು ಅಶಕ್ತರಾಗಿದ್ದರೆ ಅವರು ಅಧಿಕಾರ ಕೊಟ್ಟ ಬೇರೆ ವ್ಯಕ್ತಿ ಅಥವಾ ನೋಂದಾಯಿತ ಸಂಘ ಅವರ ಪರವಾಗಿ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಲೂಬಹುದು. ಆದ್ದರಿಂದ ಹಾಸಿಗೆ ಹಿಡಿದವರು ಕಚೇರಿಗೆ ಬರಲಾರರು ಎಂಬ ಕಾರಣಕ್ಕೆ ಯಾರೂ ಸುಮ್ಮನಿರಬೇಕಾಗಿಲ್ಲ.

ವೃದ್ಧಾಶ್ರಮಕ್ಕೆ ನಿಯಮ, ಮನೆಗೆ ಇಲ್ಲ

ಈ ಕಾಯಿದೆಯ 19ನೇ ಕಲಮಿನಲ್ಲಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರಕಾರ ಸ್ಥಾಪಿಸಬಹುದು ಎಂದಿದೆ. 'ಸ್ಥಾಪಿಸಬಹುದು' ಎಂಬ ಶಬ್ದವಿರುವುದರಿಂದ ಇದು ಕಡ್ಡಾಯವಾಗಿಲ್ಲ. ಅಂಥ ಆಶ್ರಮಗಳಲ್ಲಿ ಇರಬೇಕಾದ ಗುಣಮಟ್ಟ ಮತ್ತು ಸೇವೆಗಳನ್ನು ಸರಕಾರ ನಿಗದಿ ಮಾಡಬಹುದು. ಸರಕಾರದ ಅನುದಾನ ಪಡೆಯುವ ಆಶ್ರಮಗಳನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ನೋಡಿಕೊಳ್ಳುತ್ತದೆ.

ಆದರೆ ಹೆಚ್ಚಿನ ಹಿರಿಯರು ಆಶ್ರಮಗಳಲ್ಲಿ ಇಲ್ಲ, ಮನೆಯಲ್ಲಿದ್ದಾರೆ. ಮನೆಗೆ ಬಂದು ಆರೈಕೆ ಮಾಡುವ ಏಜೆನ್ಸಿಗಳ ನೋಂದಣಿಯ ಬಗ್ಗೆ 2007ರ ಕಾಯಿದೆಯಲ್ಲಿ ಒಂದು ಮಾತೂ ಇಲ್ಲ.

ಈ ಕೊರತೆ ಸರಕಾರಕ್ಕೆ ಗೊತ್ತಿಲ್ಲವೆಂದಲ್ಲ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿತು. ವೃದ್ಧಾಶ್ರಮಗಳ ಜೊತೆಗೆ ಹಗಲು ಆರೈಕೆ ಕೇಂದ್ರಗಳು ಮತ್ತು ಮನೆ ಆರೈಕೆ ಸಂಸ್ಥೆಗಳೂ ನೋಂದಣಿ ಮಾಡಿಸಬೇಕು, ಅವುಗಳಿಗೆ ಕನಿಷ್ಠ ಗುಣಮಟ್ಟ ಇರಬೇಕು, ಜೀವನಾಂಶದ 10,000 ರೂ. ಮಿತಿ ಹೋಗಬೇಕು, ಪ್ರತಿ ಠಾಣೆಯಲ್ಲಿ ಹಿರಿಯರಿಗಾಗಿ ಒಬ್ಬ ಪೊಲೀಸ್ ಅಧಿಕಾರಿ ಇರಬೇಕು ಎಂಬುದು ಅದರ ಮುಖ್ಯ ಅಂಶಗಳು. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. 2021ರಲ್ಲಿ ಸಮಿತಿ ವರದಿ ಕೊಟ್ಟಿತು. ಆದರೆ ಮಸೂದೆ ಅಂಗೀಕಾರವಾಗದೆ 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು.

ಏಜೆನ್ಸಿಯ 'ರಿಜಿಸ್ಟ್ರೇಷನ್' ಎಂದರೇನು?

ಹೋಂ ನರ್ಸ್ ಏಜೆನ್ಸಿಗಳ ಜಾಹೀರಾತಿನಲ್ಲಿ 'ಸರಕಾರದಿಂದ ನೋಂದಾಯಿತ' ಎಂದು ಇರುತ್ತದೆ. ಅದು ಸುಳ್ಳಲ್ಲದಿರಬಹುದು. ಆದರೆ ಅದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ನೋಂದಣಿಯಾದರೆ, ಅಲ್ಲೊಂದು ಕಚೇರಿ ಇದೆ ಎಂಬುದನ್ನು ಮಾತ್ರ ಹೇಳುತ್ತದೆ. ಬಟ್ಟೆ ಅಂಗಡಿಗೂ ಅದೇ ನೋಂದಣಿ ಸಿಗುತ್ತದೆ. ಆರೈಕೆ ಚೆನ್ನಾಗಿದೆ ಎಂದು ಯಾರೂ ಪರೀಕ್ಷಿಸಿ ಕೊಟ್ಟ ಪತ್ರ ಅದಲ್ಲ.

ಎರಡು ನೋಂದಣಿಗಳಿಗೆ ಮಾತ್ರ ಇಲ್ಲಿ ನಿಜವಾದ ಬೆಲೆ ಇದೆ. ಒಂದು, ನರ್ಸ್‌ನ ನೋಂದಣಿ. ನರ್ಸಿಂಗ್ ಓದಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಅಥವಾ ಬೇರೆ ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರುತ್ತಾರೆ. ಇಂಜೆಕ್ಷನ್, ಮೂತ್ರದ ಟ್ಯೂಬ್, ಮೂಗಿನ ಟ್ಯೂಬ್ ಮುಂತಾದ ಕೆಲಸ ಇದ್ದಲ್ಲಿ ಈ ನಂಬರನ್ನು ಕೇಳಲೇಬೇಕು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ನಡೆಸುವುದು ಇಷ್ಟೇ ಇದ್ದರೆ ತರಬೇತಿ ಪಡೆದ ಸಹಾಯಕಿ ಸಾಕು. ಆದರೆ ಅವಳನ್ನು ನರ್ಸ್ ಎಂದು ಹೇಳಿ ನರ್ಸ್‌ನ ಹಣ ಕೇಳಬಾರದು. ಎರಡನೆಯದು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರ ಅಡಿಯ ನೋಂದಣಿ. ಚಿಕಿತ್ಸೆ ನೀಡುವ ಕ್ಲಿನಿಕ್, ನರ್ಸಿಂಗ್ ಹೋಂಗಳಿಗೆ ಇದು ಕಡ್ಡಾಯ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಇದನ್ನು ಕೊಡುತ್ತದೆ, ದೂರನ್ನೂ ಕೇಳುತ್ತದೆ. ಬರಿಯ ಆಳು ಕಳುಹಿಸುವ ಏಜೆನ್ಸಿಗಳು ಹೆಚ್ಚಾಗಿ ಇದರ ಹೊರಗೇ ಉಳಿಯುತ್ತವೆ.

ಠಾಣೆಯಲ್ಲಿ ಇರಬೇಕಾದ ಪಟ್ಟಿ

ಮನೆಯೊಳಗೆ ಕಣ್ಣಿಡುವ ಒಂದೇ ಒಂದು ವ್ಯವಸ್ಥೆ ಇರುವುದು ಪೊಲೀಸ್ ಇಲಾಖೆಯ ಮೂಲಕ. 2007ರ ಕಾಯಿದೆಗಾಗಿ ಕೇಂದ್ರ ಸರಕಾರ ರಾಜ್ಯಗಳಿಗೆ ಕೊಟ್ಟ ಮಾದರಿ ನಿಯಮಗಳಲ್ಲಿ ಹೀಗಿದೆ: ಪ್ರತಿ ಠಾಣೆಯಲ್ಲಿ ಆ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿ ವಾಸಿಸುವವರ ಪಟ್ಟಿ ಇರಬೇಕು. ಠಾಣೆಯ ಪ್ರತಿನಿಧಿ ತಿಂಗಳಿಗೆ ಒಮ್ಮೆಯಾದರೂ ಅವರನ್ನು ಭೇಟಿ ಮಾಡಬೇಕು. ಸಾಧ್ಯವಾದಷ್ಟು ಮಟ್ಟಿಗೆ ಒಬ್ಬ ಸಮಾಜ ಸೇವಕ ಅಥವಾ ಸ್ವಯಂಸೇವಕನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಹಿರಿಯರು ಕೇಳಿಕೊಂಡರೆ ಮನೆಕೆಲಸದವರ ಹಿನ್ನೆಲೆಯನ್ನು ಪೊಲೀಸರು ಬೇಗನೆ ಪರಿಶೀಲಿಸಿ ಕೊಡಬೇಕು.

ಒಳ್ಳೆಯ ಏರ್ಪಾಡು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಭೇಟಿಯೂ ಇಲ್ಲ. ತೋಟದ ಒಳಗಿನ ಒಂಟಿ ಮನೆಯ ಅಜ್ಜಿಯ ಹೆಸರು ತಾನಾಗಿ ಠಾಣೆಗೆ ತಲುಪುವುದಿಲ್ಲ, ಯಾರಾದರೂ ತಲುಪಿಸಬೇಕು.

ಆರೋಗ್ಯ ಇಲಾಖೆಯ ಜವಾಬ್ದಾರಿ

ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲಿ ಆರಂಭವಾಯಿತು. ಅದರ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಯಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಿಭಾಗ ಇರಬೇಕು, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಸಿಬ್ಬಂದಿ ಭೇಟಿ ನೀಡಬೇಕು. ಖಾಸಗಿ ಹೋಂ ನರ್ಸ್ ಇರುವ ಮನೆಗೂ ಈ ಭೇಟಿ ಬೇಡವೆಂದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿದರೆ ಹೊರಗಿನ ಇನ್ನೊಂದು ಜೋಡಿ ಕಣ್ಣು ಆ ಹಾಸಿಗೆಯನ್ನು ನೋಡುತ್ತದೆ. ಬೆನ್ನಹುಣ್ಣು ಕಂಡುಬರುವುದು ಹೀಗೆಯೇ.

ಬೇರೆ ಕಡೆ ಹೇಗಿದೆ?

ನೆರೆಯ ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ಪ್ರಕಟಿಸಿ, ಮನೆಗೆ ಹೋಗಿ ಆರೈಕೆ ಮಾಡುವ ಕೆಲಸವನ್ನು ಪಂಚಾಯತುಗಳಿಗೆ ವಹಿಸಿತು. ಅಲ್ಲಿ ನರ್ಸ್‌ನ ಜೊತೆ ಊರಿನ ಸ್ವಯಂಸೇವಕರೂ ಮನೆಗೆ ಹೋಗುತ್ತಾರೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಆರಂಭವಾದ ಪೈನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯ ಕೆಲಸ ಇದಕ್ಕೆ ದಾರಿ ತೋರಿಸಿತು. ಕಾಸರಗೋಡಿನ ಕನ್ನಡಿಗರಿಗೆ ಈ ವ್ಯವಸ್ಥೆ ಪರಿಚಿತ.

ನಮ್ಮ ಅನೇಕ ಕುಟುಂಬಗಳ ಮಕ್ಕಳು ಕೆಲಸ ಮಾಡುತ್ತಿರುವ ಇಂಗ್ಲೆಂಡಿನಲ್ಲಿ ವೈಯಕ್ತಿಕ ಆರೈಕೆ ನೀಡುವ ಏಜೆನ್ಸಿಗಳು ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯಲ್ಲಿ ನೋಂದಾಯಿಸದೆ ಕೆಲಸ ಮಾಡುವಂತಿಲ್ಲ. ತಪಾಸಣೆಯ ವರದಿಯನ್ನು ಯಾರು ಬೇಕಾದರೂ ಓದಬಹುದು. ಆಸ್ಟ್ರೇಲಿಯದಲ್ಲಿ ಹಿರಿಯರ ಆರೈಕೆಯ ಲೋಪಗಳ ಬಗ್ಗೆ 2018ರಿಂದ 2021ರವರೆಗೆ ರಾಯಲ್ ಕಮಿಷನ್ ವಿಚಾರಣೆ ನಡೆಸಿತು; ಅದರ ಫಲವಾಗಿ ಬಂದ ಹೊಸ ಕಾಯಿದೆ 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅಲ್ಲಿ ಇತರರ ತಂದೆ ತಾಯಿಯನ್ನು ಇಷ್ಟು ನಿಯಮಗಳ ಅಡಿಯಲ್ಲಿ ನೋಡಿಕೊಳ್ಳುವ ನಮ್ಮ ಮಕ್ಕಳ ಸ್ವಂತ ತಂದೆ ತಾಯಿಗೆ ಇಲ್ಲಿ ಅಂಥ ರಕ್ಷಣೆ ಇಲ್ಲ.

ಆಸ್ತಿ ಬರೆದುಕೊಡುವ ಮೊದಲು

ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ತೋಟವನ್ನು ದಾನಪತ್ರ ಮಾಡಿಕೊಟ್ಟ ಮೇಲೆ ಆರೈಕೆ ನಿಂತುಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ. ಕಾಯಿದೆಯ 23ನೇ ಕಲಮಿನ ಪ್ರಕಾರ, ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ನ್ಯಾಯಮಂಡಳಿಯ ಮೂಲಕ ರದ್ದುಪಡಿಸಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯಿದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥೈಸಬೇಕು ಎಂದು 2025ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ ಹೇಳಿದೆ. ಆದರೂ ಜಗಳಕ್ಕೆ ಅವಕಾಶ ಬೇಡವೆಂದರೆ, ಆರೈಕೆಯ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಒಳ್ಳೆಯದು.

ದೂರು ಎಲ್ಲಿ ಕೊಡಬೇಕು?

1. ಹಿರಿಯರ ಸಹಾಯವಾಣಿ 14567. ಇದು ಕೇಂದ್ರ ಸರಕಾರದ ಉಚಿತ ಸೇವೆ. ತಕ್ಷಣದ ಅಪಾಯವಿದ್ದರೆ 112, ಆಂಬುಲೆನ್ಸ್ ಬೇಕಾದರೆ 108.

2. ಹಿರಿಯರನ್ನು ತೊರೆದರೆ: ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ಪೂರ್ತಿಯಾಗಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ 2007ರ ಕಾಯಿದೆಯ 24ನೇ ಕಲಮಿನಂತೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ.

3. ಒಪ್ಪಿಕೊಂಡ ಹೋಂ ನರ್ಸ್ ನಡುವೆ ಬಿಟ್ಟುಹೋದರೆ: ಕಾಯಿಲೆ ಅಥವಾ ನಿಶ್ಶಕ್ತಿಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳಲು ಕಾನೂನುಬದ್ಧ ಕರಾರು ಮಾಡಿಕೊಂಡು ಬೇಕೆಂದೇ ಅದನ್ನು ಮುರಿಯುವುದು ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಮಿನಡಿ ಅಪರಾಧ. ಇದನ್ನು ಬಲ್ಲವರು ಕಡಿಮೆ. ಕರಾರು ಬರಹದಲ್ಲಿದ್ದರೆ ಸಾಬೀತು ಮಾಡುವುದು ಸುಲಭ.

4. ಏಜೆನ್ಸಿ ಹಣ ಪಡೆದು ಸರಿಯಾದ ಸೇವೆ ಕೊಡದಿದ್ದರೆ: ಗ್ರಾಹಕ ಸಹಾಯವಾಣಿ 1915, ನಂತರ ಜಿಲ್ಲಾ ಗ್ರಾಹಕ ಆಯೋಗ. 2 ವರ್ಷದೊಳಗೆ ದೂರು ಕೊಡಬೇಕು. ಪಾವತಿಸಿದ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ರಸೀದಿ ಇಟ್ಟುಕೊಳ್ಳಿ.

5. ಉಚಿತ ಕಾನೂನು ನೆರವಿಗೆ 15100 ಅಥವಾ ತಾಲೂಕು ಕಾನೂನು ಸೇವಾ ಸಮಿತಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿಯಿಲ್ಲದೆ ಈ ನೆರವು ದೊರೆಯುತ್ತದೆ.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು?

ಹಾಸನ ಜಿಲ್ಲೆಯ ಧರ್ಮಕೇಂದ್ರಗಳು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅಲ್ಲಿಯಾಗಲಿ ಕರಾವಳಿಯಲ್ಲಾಗಲಿ, ಕಾಯಿಲೆಯವರಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳು, ಧರ್ಮಭಗಿನಿಯರು, ವಾರ್ಡಿನ ಗುರಿಕಾರರು, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಅಧಿಕಾರಿಗಳಿಗಿಂತ ಮೊದಲೇ ಆ ಮನೆಗಳನ್ನು ತಲುಪುತ್ತಾರೆ. ಅವರ ಕೈಯಲ್ಲಿ ಆಗುವ ಕೆಲಸಗಳು ಕಡಿಮೆಯೇನಲ್ಲ.

ವಾರ್ಡಿನಲ್ಲಿ ಒಂಟಿಯಾಗಿರುವ ಮತ್ತು ಹಾಸಿಗೆ ಹಿಡಿದ ಹಿರಿಯರ ಪಟ್ಟಿಯನ್ನು ಜಾತಿ ಮತ ನೋಡದೆ ಮಾಡಿ, ಅವರ ಒಪ್ಪಿಗೆ ಪಡೆದು, ಠಾಣೆಗೂ ಆರೋಗ್ಯ ಕೇಂದ್ರಕ್ಕೂ ಒಂದೊಂದು ಪ್ರತಿ ಕೊಡಬೇಕು. ಪೊಲೀಸರ ಮಾಸಿಕ ಭೇಟಿಗೆ ಜೊತೆಯಾಗಿ ಹೋಗುವ ಇಬ್ಬರು ಸ್ವಯಂಸೇವಕರ ಹೆಸರನ್ನು ಠಾಣೆಗೆ ಬರೆದುಕೊಡಬೇಕು. ಭೇಟಿಯ ವೇಳೆ ಹೋಂ ನರ್ಸ್‌ನ ಎದುರಿಗೆ ಮಾತ್ರವಲ್ಲ, ಹಿರಿಯರೊಂದಿಗೆ ಐದು ನಿಮಿಷ ಪ್ರತ್ಯೇಕವಾಗಿ ಮಾತಾಡಬೇಕು. ಔಷಧಿಯ ಚೀಟಿ, ಹಾಸಿಗೆಯ ಬಟ್ಟೆ, ಕುಡಿಯುವ ನೀರು ಕೈಗೆಟಕುವಂತಿದೆಯೇ ಎಂಬುದನ್ನು ನೋಡಬೇಕು.

ಹೋಂ ನರ್ಸ್ ಕೂಡಾ ಯಾರದೋ ಮಗಳು ಎಂಬುದನ್ನು ಮರೆಯಬಾರದು. ದಿನದ 24 ಗಂಟೆ, ವಾರದ 7 ದಿನ ಒಬ್ಬಳೇ ದುಡಿಯುವವಳಿಂದ ಒಳ್ಳೆಯ ಆರೈಕೆ ನಿರೀಕ್ಷಿಸುವಂತಿಲ್ಲ. ಅವಳ ರಜೆ, ನಿದ್ರೆ, ಸಂಬಳ ಸರಿಯಾಗಿದೆಯೇ ಎಂದು ಕೇಳುವುದೂ ಮೇಲ್ವಿಚಾರಣೆಯೇ.

ಮನೆ ಆರೈಕೆಗೆ ನೋಂದಣಿ ಮತ್ತು ತಪಾಸಣೆ ಬೇಕೆಂದು ಶಾಸಕರಿಗೂ ಸಂಸದರಿಗೂ ಮನವಿ ಕೊಡುವುದು ನಮ್ಮ ಹಕ್ಕು. ಆ ಕಾನೂನು ಬರುವವರೆಗೆ ತೋಟದೊಳಗಿನ ಆ ಮನೆಯ ಬಾಗಿಲು ತಟ್ಟುವವರು ನೆರೆಹೊರೆಯವರೇ. ಮೇಲಿನ ದೂರವಾಣಿ ಸಂಖ್ಯೆಗಳನ್ನು ಬರೆದು ಚರ್ಚಿನ ನೋಟಿಸು ಬೋರ್ಡಿನಲ್ಲಿಯೂ ಹಿರಿಯರ ಹಾಸಿಗೆಯ ಪಕ್ಕದ ಗೋಡೆಯಲ್ಲಿಯೂ ಅಂಟಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದು.