ಹೊತ್ತ ಶಿಲುಬೆ, ಹೊರಿಸಿದ ಶಿಲುಬೆ

ಚಿಕ್ಕಂದಿನಲ್ಲಿ 'ಶಿಲುಬೆ' ಅಂದರೆ 'ಶಿಲೆ'ಯಿಂದ ಹುಟ್ಟಿದ ಮಾತು ಅಂತಲೇ ನಂಬಿದ್ದೆ. ಸಮಾಧಿ ತೋಟದಲ್ಲಿ ನಾನು ನೋಡಿದ್ದ ಶಿಲುಬೆಗಳೆಲ್ಲ ಕಲ್ಲಿನವೇ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಇರುವ ಜಿಲ್ಲೆಯ ಮಗುವಿಗೆ ದೇವರ ಮಾತೆಲ್ಲ ಕಲ್ಲಿನಿಂದಲೇ ಶುರುವಾಗುತ್ತದೆ ಅನ್ನಿಸುವುದು ಸಹಜ. ಆದರೆ ಈ ಮಾತು ಕಲ್ಲಿನದಲ್ಲ, ಮರದ್ದು. ಬಹಳ ದೂರದಿಂದ ಬಂದದ್ದು. ಸಿರಿಯಾಕ್ ಭಾಷೆಯ 'ಸ್ಲೀಬಾ' ತಮಿಳಿನಲ್ಲಿ 'ಸಿಲುವೈ' ಆಯಿತು, ಕನ್ನಡದಲ್ಲಿ 'ಶಿಲುಬೆ' ಆಯಿತು. ಸಿರಿಯಾಕ್ ಎಂಬುದು ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ಒಂದು ಕವಲು. ಹಾಸನದ ಪೇಟೆಯಲ್ಲಿ ಉರ್ದು ಆಡುವವರು ಹೇಳುವ 'ಸಲೀಬ್' ಕೂಡ ಅದೇ ಬೇರಿನದು. ಮಂಗಳೂರಿನ ಕೊಂಕಣಿಯವರ 'ಖುರಿಸ್' ಮಾತ್ರ ಪೋರ್ಚುಗೀಸರ ಹಡಗಿನಲ್ಲಿ ಬಂತು. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದ ಗುಡ್ಡದ ಕೆಳಗೆ ನಿಂತು ಅತ್ತ ಹೆಂಗಸರ ಬಾಯಲ್ಲಿ ಬಂದಿರಬಹುದಾದ ಸದ್ದಿಗೆ ಇಂಗ್ಲಿಷಿನ ಪದಕ್ಕಿಂತ ನಮ್ಮ ಪದವೇ ಹತ್ತಿರ ಎಂದು ತಿಳಿದ ದಿನ ನನಗೆ ಆದ ಸಂತೋಷ ಇವತ್ತಿಗೂ ಆರಿಲ್ಲ.

ಇಂಗ್ಲಿಷಿನ 'ಕ್ರಾಸ್' ನಮ್ಮಲ್ಲಿಗೆ ಬಂದು ಬೇರೆಯದೇ ಬಾಳು ಕಟ್ಟಿಕೊಂಡಿತು. ಹೊಳೆನರಸೀಪುರದ ಬಸ್ಸಿನಲ್ಲಾಗಲಿ ಅರಕಲಗೂಡಿನ ಬಸ್ಸಿನಲ್ಲಾಗಲಿ "ಕ್ರಾಸಲ್ಲಿ ನಿಲ್ಸಿ" ಅಂದರೆ ಯಾರಿಗೂ ಶಿಲುಬೆ ನೆನಪಾಗುವುದಿಲ್ಲ. ದೊಡ್ಡ ರಸ್ತೆಯಿಂದ ಊರಿನ ದಾರಿ ಒಡೆಯುವ ಜಾಗ ಅದು. ಬಸ್ಸು ಇಳಿಸಿ ಹೋಗುತ್ತದೆ, ಮಿಕ್ಕಿದ್ದನ್ನು ಗಂಟುಮೂಟೆ ಸಮೇತ ನಡೆಯಬೇಕು. ಕನ್ನಡ ಹೀಗೆ ಎರಡನ್ನೂ ಬೇರೆ ಬೇರೆ ಇಟ್ಟದ್ದು ಒಳ್ಳೆಯದೇ ಆಯಿತು. ಶಿಲುಬೆಗೆ ಇನ್ನೊಂದು ಅರ್ಥವಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನದ ಮೇಲೆ 'ಗೊಲ್ಗೊಥಾ' ಕಾವ್ಯ ಬರೆದರು. ಪತ್ರಿಕೆಗಳು ಯಾರನ್ನೋ 'ಶಿಲುಬೆಗೇರಿಸಿದರು' ಎಂದು ಬರೆಯುತ್ತವೆ. ಹಾಗೆ ಚರ್ಚಿನ ಹೊಸ್ತಿಲು ದಾಟಿ ಆಚೆ ಬಂದಾಗಲೂ ಅದು ಅದೇ ನೋವನ್ನೇ ಹೇಳುತ್ತದೆ.

ಪದ ಒಂದೇ ಅರ್ಥದಲ್ಲಿ ನಿಂತಿದ್ದರೂ ಅದರ ಜೊತೆ ಬರುವ ಕ್ರಿಯಾಪದ ನಿಂತಿಲ್ಲ. ಶಿಲುಬೆಯನ್ನು ನಾವು 'ಹೊರು'ತ್ತೇವೆ. ಈ 'ಹೊರು' ನಮ್ಮ ಹೊಲದ ಮಾತು. ಹುಲ್ಲಿನ ಹೊರೆ ಹೊರುತ್ತೇವೆ, ಹೊಣೆ ಹೊರುತ್ತೇವೆ, ಹರಕೆ ಹೊರುತ್ತೇವೆ. ಇವೆಲ್ಲ ನಾವಾಗಿ ತಲೆ ಕೊಟ್ಟವು. 'ಹೊರಿಸು' ಬೇರೆ: ತಪ್ಪು ಹೊರಿಸುತ್ತಾರೆ, ಆರೋಪ ಹೊರಿಸುತ್ತಾರೆ. ಒಂದು 'ಇಸು' ಸೇರಿದರೆ ಸಾಕು, ಹೊರೆ ಇನ್ನೊಬ್ಬರ ಇಷ್ಟದ್ದಾಗಿಬಿಡುತ್ತದೆ. ರೋಮನ್ನರು ಶಿಲುಬೆಯ ಶಿಕ್ಷೆ ಕೊಡುತ್ತಿದ್ದದ್ದು ಹೆಚ್ಚಾಗಿ ಗುಲಾಮರಿಗೆ, ದಂಗೆ ಎದ್ದವರಿಗೆ; ಅಡ್ಡದಿಮ್ಮಿಯನ್ನು ಅವರ ಹೆಗಲಿಗೇ ಹೊರಿಸುತ್ತಿದ್ದರು. ಯೇಸುವಿಗೂ ಹೊರಿಸಿದರು. ಆದರೆ ಆತ ಮೊದಲೇ ಶಿಷ್ಯರಿಗೆ ಹೇಳಿದ್ದು ಹೊರುವ ಮಾತು: ನನ್ನ ಹಿಂದೆ ಬರುವವನು ತನ್ನ ಶಿಲುಬೆ ತಾನು ಎತ್ತಿಕೊಳ್ಳಲಿ ಎಂದು. ಲೂಕ ಬರೆದ ಸುವಾರ್ತೆಯಲ್ಲಿ ಮಾತ್ರ ಅದಕ್ಕೆ 'ದಿನದಿನವೂ' ಎಂಬುದು ಸೇರಿದೆ. ಆ ಒಂದು ಮಾತಿನಿಂದ ಶಿಲುಬೆ ಕೊಲ್ಲುವ ಮರವಾಗಿಯಷ್ಟೇ ಉಳಿಯದೆ ಬೆಳಗಾದರೆ ಕೈಗೆತ್ತಿಕೊಳ್ಳುವ ಕೆಲಸವಾಯಿತು.

ಇಲ್ಲೇ ನನಗೊಂದು ಸಂಕಟ. ನಮ್ಮಲ್ಲಿ ಹೆಂಗಸರು "ಏನ್ಮಾಡದವ್ವ, ನನ್ ಶಿಲುಬೆ ಇದು" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಕುಡಿದು ಬಂದು ಹೊಡೆಯುವ ಗಂಡ ಶಿಲುಬೆ, ಅತ್ತೆಯ ಮಾತು ಶಿಲುಬೆ, ತೀರದ ಸಾಲವೂ ಶಿಲುಬೆ. ಒಂದು ಮನೆಯ ಪ್ರಾರ್ಥನೆಯಲ್ಲಿ, ಕೈಮೇಲೆ ಬಾಸುಂಡೆ ಇದ್ದ ಹೆಂಗಸಿಗೆ ಹಿರಿಯರೊಬ್ಬರು "ನಿನ್ನ ಶಿಲುಬೆಯಮ್ಮ, ಹೊತ್ತುಕೋ" ಅಂದರು. ಅಂದು ನಾನು ಸುಮ್ಮನೆ ಕೂತಿದ್ದೆ. ಇಂದು ಅನ್ನುತ್ತೇನೆ: ಅದು ಶಿಲುಬೆಯಲ್ಲ, ಪೆಟ್ಟು. ಇನ್ನೊಬ್ಬರ ಮೇಲಿನ ಪ್ರೀತಿಗೆ ನಾವಾಗಿ ಎತ್ತಿಕೊಂಡದ್ದು ಶಿಲುಬೆ. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡ ಮಗಳೊಬ್ಬಳು ನನಗೆ ಗೊತ್ತು. ಆಕೆ ಒಂದು ದಿನವೂ ಆ ಪದ ಎತ್ತಲಿಲ್ಲ.

ಹಾಗಂತ ಗೆರೆ ಎಲ್ಲ ಕಡೆಯೂ ಇಷ್ಟು ಸಲೀಸಾಗಿ ಎಳೆಯಲು ಬರುವುದಿಲ್ಲ. ಶೆಟ್ಟಿಹಳ್ಳಿಯನ್ನೇ ನೋಡಿ. ಹಾಸನದ ಹತ್ತಿರ, ಹೇಮಾವತಿಯ ದಡದಲ್ಲಿ, 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಜಪಮಾಲೆ ಮಾತೆಯ ಚರ್ಚ್ ಕಟ್ಟಿಸಿದರು. ಗೊರೂರಿನಲ್ಲಿ ಅಣೆಕಟ್ಟು ಬಂತು, 1979ರಲ್ಲಿ ಮುಗಿಯಿತು, ಹಿನ್ನೀರು ಏರಿತು. ಮಳೆಗಾಲದಲ್ಲಿ ಚರ್ಚ್ ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬುಡದ ತನಕ ಕಾಣುತ್ತದೆ. ಮಾಡಿಲ್ಲದ ಗೋಡೆಗಳ ನಡುವೆ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಊರು ಚದುರಿತು. ಅದೇ ನೀರು ಎಡದಂಡೆ ನಾಲೆಯಲ್ಲಿ ಚನ್ನರಾಯಪಟ್ಟಣದ ಕಡೆಯಿಂದ ತುಮಕೂರಿಗೆ ಹರಿಯುತ್ತದೆ. ಬಲದಂಡೆಯಲ್ಲಿ ಅರಕಲಗೂಡು, ಹೊಳೆನರಸೀಪುರದ ಗದ್ದೆಗಳು ಹಸಿರಾಗಿವೆ. ಆ ಗದ್ದೆಯ ಅನ್ನ ನಾನೂ ಉಂಡಿದ್ದೇನೆ.

ಶೆಟ್ಟಿಹಳ್ಳಿಯವರು ಹೊತ್ತರೋ, ಅವರಿಗೆ ಹೊರಿಸಿದರೋ? ಅವರನ್ನು ಯಾರೂ ಇಷ್ಟ ಕೇಳಿ ಎಬ್ಬಿಸಲಿಲ್ಲ. ಮುಳುಗಡೆ ಎಂದರೇ ಹೊರಿಸುವುದು. "ನೀವು ನಾಡಿಗಾಗಿ ಶಿಲುಬೆ ಹೊತ್ತಿರಿ" ಎಂದು ನೀರುಂಡ ನಾವು ಹೇಳಿದರೆ ಅದು ಬಾಯಿಗೆ ಮೀರಿದ ಮಾತು. ಹಾಗೆಂದು ಅವರಲ್ಲಿ ಒಬ್ಬರು ತಾವೇ ಹೇಳಿದರೆ ನಾನು ತಲೆ ತಗ್ಗಿಸಿ ಕೇಳುತ್ತೇನೆ.

ಸಿರೇನಿನ ಸೀಮೋನನ ನೆನಪಾಗುವುದು ಆಗ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳನ್ನು ಧ್ಯಾನಿಸುವಾಗ ಐದನೆಯದರಲ್ಲಿ ಬರುವವನು. ಹೊಲದ ಕಡೆಯಿಂದ ಬರುತ್ತಿದ್ದ, ದಾರಿಹೋಕ. ಸಿಪಾಯಿಗಳು ಹಿಡಿದು ಯೇಸುವಿನ ಶಿಲುಬೆಯನ್ನು ಅವನ ಹೆಗಲಿಗೆ ಹಾಕಿದರು. ಪೂರ್ತಿ ಹೊರಿಸಿದ್ದೇ. ಆದರೆ ಸುವಾರ್ತೆ ಬರೆದ ಮಾರ್ಕನು ಅವನನ್ನು ಅಲೆಕ್ಸಾಂಡರ್ ಮತ್ತು ರೂಫಸರ ತಂದೆ ಎಂದು ಗುರುತಿಸುತ್ತಾನೆ, ಓದುವವರಿಗೆ ಆ ಹುಡುಗರು ಪರಿಚಯ ಎಂಬಂತೆ. ದಾರಿಯಲ್ಲಿ ಎಲ್ಲೋ ಹೊರಿಸಿದ್ದು ಹೊತ್ತದ್ದಾಗಿರಬೇಕು. ಯಾವ ಹೆಜ್ಜೆಯಲ್ಲಿ ಎಂಬುದು ಸೀಮೋನನಿಗೆ ಮಾತ್ರ ಗೊತ್ತು.

ನನಗೆ ಇನ್ನೂ ದೊಡ್ಡದಾಗಿ ಕಾಣುವುದು, ಯೇಸುವೂ ತನ್ನ ಶಿಲುಬೆಯನ್ನು ಒಬ್ಬನೇ ಕೊನೆತನಕ ಹೊರಲಿಲ್ಲ ಎಂಬುದು. ನನ್ನ ಕತ್ತಿನ ಚಿಕ್ಕ ಶಿಲುಬೆಯನ್ನು ಮುಟ್ಟಿದಾಗ ಗೆದ್ದವನಿಗಿಂತ ಮೊದಲು ಬಳಲಿದವನ ನೆನಪಾಗುತ್ತದೆ. ಹೊರೆ ಹೊತ್ತು ಬೆಳೆದವರಿಗೆ ಇದು ಗೊತ್ತಿರುವ ಸಂಗತಿ: ಸಿಂಬೆ ಸುತ್ತಿಕೊಳ್ಳಬಹುದು, ನಡೆಯಬಹುದು, ಆದರೆ ಭಾರದ ಹೊರೆಯನ್ನು ನೆಲದಿಂದ ತಲೆಗೆ ಏರಿಸಿಕೊಳ್ಳಲು ಇನ್ನೊಂದು ಜೊತೆ ಕೈ ಬೇಕು. ಅದಕ್ಕೆ ಕನ್ನಡದಲ್ಲಿ 'ಎತ್ತಿಸು' ಎನ್ನುತ್ತೇವೆ. ಇಲ್ಲೂ ಅದೇ 'ಇಸು' ಇದೆ.

ಕಳೆದ ಬೇಸಿಗೆಯಲ್ಲಿ ಹೊಳೆನರಸೀಪುರದ ರಸ್ತೆಯ ಒಂದು ಕ್ರಾಸಿನಲ್ಲಿ ಬಸ್ಸಿಳಿದೆ. ಜೊತೆಗಿಳಿದ ಅಜ್ಜಿ ಮೂಟೆಯನ್ನು ಮಣ್ಣಿನಲ್ಲಿಟ್ಟು, ಸೆರಗನ್ನು ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡು, ಅತ್ತಿತ್ತ ನೋಡಿ ಕರೆದಳು: "ವಸಿ ಎತ್ತಿಸವ್ವ."