ಬೆಲುಂ ಗುಹೆಗಳು ಮತ್ತು ಅಚೌರ್ಯವ್ರತ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಭಾವನೆಗಳನ್ನು ಹೇಳಿದೆ. ಮೊದಲನೆಯದು ಶೂನ್ಯಾಗಾರವಾಸ, ಗಿರಿಗುಹೆ, ಮರದ ಪೊಟರೆ ಮೊದಲಾದ ಎಡೆಗಳಲ್ಲಿ ಮುನಿಯು ತಂಗುವುದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಮೂರನೆಯದು ಪರೋಪರೋಧಾಕರಣ, ತಾನಿರುವ ತಾಣಕ್ಕೆ ಬರುವ ಇತರರನ್ನು ತಡೆಯದಿರುವುದು. ಗುಹೆಗೂ ಕಳವಿಗೂ ಏನು ಸಂಬಂಧವೆಂಬ ನನ್ನ ಬಹುಕಾಲದ ಸಂದೇಹಕ್ಕೆ ಬೆಲುಂ ಗುಹೆಗಳ ಇತಿಹಾಸದಲ್ಲಿ ಉತ್ತರ ದೊರೆಯಿತು.

ಆಂಧ್ರಪ್ರದೇಶದ ಕೊಲಿಮಿಗುಂಡ್ಲದ ಸಮೀಪ, ಬಯಲಿನ ಅಡಿಯಲ್ಲಿ ಈ ಗುಹೆಗಳಿವೆ. ಹಿಂದೆ ಕರ್ನೂಲಿಗೆ ಸೇರಿದ್ದ ಈ ಸ್ಥಳವು 2022ರಿಂದ ನಂದ್ಯಾಲ ಜಿಲ್ಲೆಯಲ್ಲಿದೆ. ಪೂರ್ವದಲ್ಲಿ ಜೈನ ಹಾಗೂ ಬೌದ್ಧ ಮುನಿಗಳು ಇಲ್ಲಿ ನೆಲೆಸಿದ್ದರೆಂಬ ಪ್ರತೀತಿಯುಂಟು. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವನ್ನು ದಾಖಲಿಸಿದರು. 1982-83ರಲ್ಲಿ ಡೇನಿಯಲ್ ಗೆಬೌರ್ ನೇತೃತ್ವದ ಜರ್ಮನ್ ತಂಡವು ವಿವರವಾಗಿ ಶೋಧಿಸಿತು. ಒಟ್ಟು ಉದ್ದ 3,229 ಮೀಟರ್. ಅತ್ಯಂತ ಆಳದ ಪಾತಾಳಗಂಗೆಯು ಪ್ರವೇಶದ್ವಾರದಿಂದ ಸುಮಾರು 46 ಮೀಟರ್ ಕೆಳಗಿದೆ.

ಮಳೆಯ ನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ಮೃದು ಆಮ್ಲವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯ ಛಾವಣಿಯಿಂದ ತೊಟ್ಟಿಕ್ಕುವಾಗ ಆ ಅನಿಲವು ಹೊರಹೋಗಿ ಸುಣ್ಣವು ಮತ್ತೆ ಕಲ್ಲಾಗುತ್ತದೆ. ಹೀಗೆ ಮೇಲಿನಿಂದ ತೊಂಗಲುಗಳೂ ನೆಲದಿಂದ ಕಂಬಗಳೂ ಬೆಳೆಯುತ್ತವೆ. ಬೆರಳುದ್ದದ ತೊಂಗಲಿಗೆ ನೂರಾರು ವರ್ಷಗಳು ಬೇಕಾಗಬಹುದು. ಕೈಯ ಜಿಡ್ಡು ತಗುಲಿದರೂ ಆ ಬೆಳವಣಿಗೆ ಕುಂಠಿತವಾಗುತ್ತದೆ.

ಇಂತಹ ಗುಹೆಯು ಕೆಲಕಾಲ ಕಸದ ಗುಂಡಿಯಾಗಿತ್ತು. ಸುತ್ತಲಿನ ಗ್ರಾಮಸ್ಥರ ಪ್ರಯತ್ನದಿಂದ ಅದು ಶುದ್ಧವಾಯಿತು. 1999ರಲ್ಲಿ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಹೊಣೆ ವಹಿಸಿಕೊಂಡು, 2002ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ಸುಮಾರು ಒಂದೂವರೆ ಕಿಲೋಮೀಟರ್ ಭಾಗವನ್ನು ನೋಡಬಹುದು.

ಕಸ ಸುರಿದವರು ಏನನ್ನೂ ಒಯ್ಯಲಿಲ್ಲ. ಆದರೆ ಮುಂದೆ ಬರುವವರ ದಾರಿಯನ್ನು ತಡೆದರು. ಅದು ಪರೋಪರೋಧ. ನೆನಪಿಗೆಂದು ತೊಂಗಲೊಂದನ್ನು ಮುರಿಯುವುದು ಅದತ್ತಾದಾನವೇ ಸರಿ; ಕೊಟ್ಟವರಾರೂ ಇಲ್ಲ. ಒಡೆಯನಿಲ್ಲದ ಸ್ಥಳದಲ್ಲಿಯೇ ಈ ವ್ರತದ ಪರೀಕ್ಷೆ ನಡೆಯುತ್ತದೆ, ಅಲ್ಲಿ ಕೇಳುವವರಿಲ್ಲ.

ನಾನು ವ್ಯಾಪಾರಿ. ಹಣ ತೆತ್ತು ಕೊಂಡದ್ದು ನ್ಯಾಯಾರ್ಜಿತವೆಂದೇ ನನ್ನ ಲೆಕ್ಕಪುಸ್ತಕ ಹೇಳುತ್ತದೆ. ಆದರೆ ಆ ಪ್ರದೇಶದ ಸುಣ್ಣಕಲ್ಲೇ ನೆಲಹಾಸಾಗಿ, ಸಿಮೆಂಟಾಗಿ ಊರೂರಿನ ಮನೆಗಳನ್ನು ಸೇರುತ್ತಿದೆ. ಗಣಿಯ ಒಡೆಯನಿಗೆ ಬೆಲೆ ಸಂದಿದೆ. ಕಲ್ಲನ್ನು ಕಟ್ಟಿದ ಕಾಲಕ್ಕೆ ಏನೂ ಸಂದಿಲ್ಲ. ಮನೆ ಕಟ್ಟದೆ ಗೃಹಸ್ಥನಿಗೆ ನಡೆಯದು. ಆದುದರಿಂದಲೇ ಎಷ್ಟು ಸಾಕೆಂಬ ಪರಿಮಾಣವನ್ನು ಶ್ರಾವಕನಿಗೆ ವಿಧಿಸಿದೆ. ಮುನಿಯು ಗುಹೆಯಿಂದ ಹೊರಡುವಾಗ ಅದು ಅವನು ಬಂದಾಗಿನಂತೆಯೇ ಇರುತ್ತಿತ್ತು. ಅಷ್ಟು ನಮ್ಮಿಂದಾಗದಿದ್ದರೂ, ಮುಂದಿನವರಿಗೆ ಉಳಿಸಿ ಹೊರಡುವುದಂತೂ ನಮಗೆ ಸಾಧ್ಯವಿದೆ.