ಆರು ಬಾಯಿಯ ಪೆಟ್ಟಿಗೆ

ಸಾಗರದ ಬಿ.ಎಚ್. ರಸ್ತೆಯಲ್ಲಿದ್ದ ಸೋದರಮಾವನ ಬ್ಯಾಟರಿ ಅಂಗಡಿಗೆ ನಾನು ಸೇರಿದ್ದು 1976ರ ಮಳೆಗಾಲದಲ್ಲಿ. ಆಗ ನನಗೆ ಹದಿನಾಲ್ಕು ವರ್ಷ. ಮೊದಲ ವಾರ ಮಾವ ಬ್ಯಾಟರಿ ಮುಟ್ಟಲಿಕ್ಕೇ ಬಿಡಲಿಲ್ಲ. ಬಾಗಿಲಿಗೆ ಬಂದು ನಿಂತ ಗಾಡಿಯ ಸದ್ದು ಕೇಳಿಸಿಕೋ ಅಂದರು, ಅಷ್ಟೆ. "ಸೆಲ್ಫ್ ಹೊಡೆದಾಗ ನರಳಿದರೆ ಒಂದು, ಕಟಕಟ ಅಂದರೆ ಒಂದು, ಸುಮ್ಮನೆ ಕೂತರೆ ಇನ್ನೊಂದು. ಮೂರಕ್ಕೂ ಮದ್ದು ಬೇರೆ ಬೇರೆ ತಮ್ಮಾ."

ಮಾವ ಬ್ಯಾಟರಿಗಿಂತ ಮೊದಲು ಹ್ಯಾಂಡಲ್ ಕಂಡವರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ರೇಷನ್ ಆಗಿ ಮಲೆನಾಡಿನ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದಾಗ ಅವರು ಕ್ಲೀನರ್ ಹುಡುಗ. ಬೆಳಗಿನ ಜಾವ ಎದ್ದು ಇದ್ದಿಲಿಗೆ ಬೆಂಕಿ ಕೊಟ್ಟು, ಗಾಳಿ ತಿರುವಿ, ಗ್ಯಾಸು ಏಳುವವರೆಗೆ ಕಾದು, ಆಮೇಲೆ ಮುಂದುಗಡೆ ಬಗ್ಗಿ ಹ್ಯಾಂಡಲ್ ಹೊಡೆಯಬೇಕು. ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಹಿಡಿಯ ಸುತ್ತ ಹೋಗಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮಣಿಕಟ್ಟು ಎರಡೂ ಹೋಗುತ್ತವೆ. ಮಾವನ ಬಲಗೈ ಮಣಿಕಟ್ಟು ಹಾಗೇ ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆಸಿಡ್ ಜಾಡಿ ಎತ್ತುವಾಗ ಅವರು ಯಾವಾಗಲೂ ಎಡಗೈಗೇ ಭಾರ ಕೊಡುತ್ತಿದ್ದರು.

ಲೋಕದಲ್ಲಿ ಸೀಸದ ಬ್ಯಾಟರಿ ಬಂದದ್ದು ಸೆಲ್ಫಿಗಿಂತ ಅರ್ಧ ಶತಮಾನ ಮೊದಲು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ತಗಡುಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಪ್ಲೇಟಿನ ಮೇಲೆ ಸೀಸದ ಆಕ್ಸೈಡಿನ ಪೇಸ್ಟು ಮೆತ್ತುವ ದಾರಿ ತೋರಿಸಿದ. ಈಗಲೂ ನಿಮ್ಮ ಕಾರಿನೊಳಗೆ ಇರುವುದು ಅದೇ ಮೆತ್ತಿದ ಪ್ಲೇಟು. ಸೆಲ್ಫ್ ಬಂದದ್ದು ಅಮೆರಿಕದಿಂದ. ಚಾರ್ಲ್ಸ್ ಕೆಟ್ಟರಿಂಗ್ ಅದಕ್ಕೆ ಮೊದಲು ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ವಿದ್ಯುತ್ ಮೋಟಾರು ಕೂರಿಸಿದ್ದವನು. ಗಲ್ಲಾಪೆಟ್ಟಿಗೆ ತೆರೆಯಲು ಮೋಟಾರು ಹೊತ್ತುಗಟ್ಟಲೆ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಎಂಜಿನ್ ಎಬ್ಬಿಸಲಿಕ್ಕೂ ಅಷ್ಟೇ ಸಾಕು ಎಂದು ಅವನು ಕಂಡುಕೊಂಡ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು. ಅಲ್ಲಿಂದ ಬ್ಯಾಟರಿಗೆ ಅದರ ಅತಿ ಕಷ್ಟದ ಕೆಲಸ ಗಂಟುಬಿತ್ತು: ಎರಡು ಮೂರು ಸೆಕೆಂಡಿನಲ್ಲಿ ನೂರೈವತ್ತು, ಇನ್ನೂರು ಆಂಪಿಯರ್ ಕೊಟ್ಟುಬಿಡುವುದು. ಮಿಕ್ಕೆಲ್ಲ ಕೆಲಸಗಳಲ್ಲಿ ಬ್ಯಾಟರಿ ತನ್ನ ಮುಪ್ಪನ್ನು ಮುಚ್ಚಿಟ್ಟುಕೊಳ್ಳಬಲ್ಲದು. ಬೆಳಗಿನ ಮೊದಲ ಸೆಲ್ಫಿಗೆ ಮಾತ್ರ ಮುಚ್ಚಿಡಲಾರದು.

ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದ ತಯಾರಿಕೆಗೆ ಬಂಗಾಳದ ಶ್ಯಾಮನಗರದಲ್ಲಿ 1946ರಲ್ಲಿ ಕಾರ್ಖಾನೆ ಬಂತು. ಇಂದಿನ ಎಕ್ಸೈಡ್ ಕಂಪನಿಯ ಬೇರು ಅಲ್ಲಿದೆ. ನಾನು ಕೆಲಸ ಕಲಿಯುವ ಹೊತ್ತಿಗೆ ಬ್ಯಾಟರಿ ಅಂದರೆ ಕಪ್ಪು ಎಬೊನೈಟ್ ಪೆಟ್ಟಿಗೆ. ಒಳಗೆ ಆರು ಕೋಣೆ, ಮೇಲೆ ಆರು ಬಾಯಿ, ಒಂದೊಂದು ಕೋಣೆಗೂ ಎರಡು ವೋಲ್ಟ್. ಕೋಣೆಯಿಂದ ಕೋಣೆಗೆ ಸೀಸದ ಪಟ್ಟಿ ಮೇಲುಗಡೆಯೇ ಬರಿಗಣ್ಣಿಗೆ ಕಾಣುವಂತೆ ಹೋಗುತ್ತಿತ್ತು. ಅಂಚಿಗೆಲ್ಲ ಡಾಂಬರು ಹೊಯ್ದು ಮುಚ್ಚಿರುತ್ತಿದ್ದರು. ನಮ್ಮ ಕಸುಬು ನಿಂತದ್ದೇ ಆ ತೆರೆದ ಪಟ್ಟಿಯ ಮೇಲೆ. ಎರಡು ಮೊನೆಯ ಸೆಲ್ ಟೆಸ್ಟರನ್ನು ಪಟ್ಟಿಗೆ ಒತ್ತಿ ಹಿಡಿದರೆ ಆರರಲ್ಲಿ ಯಾವ ಸೆಲ್ ಸೋತಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಸೋತ ಸೆಲ್ ಬಿಚ್ಚುವುದನ್ನು ಬರೆದಿಡಬೇಕು, ಈಗ ಅದನ್ನು ಮಾಡುವವರಿಲ್ಲ. ಪಟ್ಟಿಯನ್ನು ಕೊರೆದು ಬಿಡಿಸಿ, ಕಾಸಿದ ಕಬ್ಬಿಣದ ಅಲಗಿನಿಂದ ಡಾಂಬರು ಎಬ್ಬಿಸಿ, ಇಕ್ಕಳದಲ್ಲಿ ಪ್ಲೇಟುಗಳ ಕಟ್ಟನ್ನು ನಿಧಾನಕ್ಕೆ ಮೇಲೆತ್ತಿ, ಆಸಿಡ್ ಸೋರಲೆಂದು ಬಾಯಿಯ ಮೇಲೆ ಅಡ್ಡ ಇಡಬೇಕು. ಕಂದು ಬಣ್ಣದವು ಪಾಸಿಟಿವ್, ಬೂದು ಬಣ್ಣದವು ನೆಗೆಟಿವ್; ನೆಗೆಟಿವ್ ಯಾವಾಗಲೂ ಒಂದು ಹೆಚ್ಚು. ನಡುನಡುವೆ ತೆಳ್ಳಗಿನ ಸೆಪರೇಟರು, ಹಳೆಯ ಬ್ಯಾಟರಿಗಳಲ್ಲಿ ಮರದ್ದು. ಚಾರ್ಜಿಲ್ಲದೆ ತಿಂಗಳುಗಟ್ಟಲೆ ಕೂತಿದ್ದರೆ ಪ್ಲೇಟಿನ ಮೇಲೆ ಸುಣ್ಣದಂಥ ಬಿಳಿ ಪದರ. ಅದು ಸೀಸದ ಸಲ್ಫೇಟು. ಗಟ್ಟಿಯಾದರೆ ಎಷ್ಟು ಚಾರ್ಜಿಗೆ ಹಾಕಿದರೂ ಹೋಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಕಂದು ಕೆಸರು. ವರ್ಷ ವರ್ಷ ಪ್ಲೇಟಿನಿಂದ ಉದುರಿದ ಪೇಸ್ಟು ಅದು. ತಳದ ಏಣುಗಳ ನಡುವೆ ಕೆಸರಿಗೆಂದೇ ಜಾಗ ಬಿಟ್ಟಿರುತ್ತಾರೆ. ಆ ಜಾಗ ತುಂಬಿ ಕೆಸರು ಪ್ಲೇಟಿನ ಕಾಲಿಗೆ ತಾಗಿದ ದಿನ ಸೆಲ್ ಶಾರ್ಟ್. ಹೊಸ ಕಟ್ಟು ಇಟ್ಟು, ಅಚ್ಚಿನಲ್ಲಿ ಸೀಸ ಕರಗಿಸಿ ಪಟ್ಟಿ ಬೆಸೆದು, ಡಾಂಬರು ಹೊಯ್ದರೆ ಇನ್ನೊಂದು ವರ್ಷ ಧಾರಾಳ ಓಡುತ್ತಿತ್ತು. ಹೊಸ ಬ್ಯಾಟರಿಯ ಬೆಲೆ ಕೊಡಲಾರದ ಟ್ಯಾಕ್ಸಿಯವನಿಗೆ ಆ ಒಂದು ವರ್ಷ ದೊಡ್ಡದು.

ಬಿಚ್ಚುವುದು ಕೊನೆಯ ಮಾತು. ಅದಕ್ಕೆ ಮೊದಲು ನೋಡುವ ಕ್ರಮವೊಂದಿತ್ತು, ಮಾವ ಅದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಹೆಡ್‌ಲೈಟ್ ಹಾಕಿಸಿ ಸೆಲ್ಫ್ ಹೊಡೆಸುತ್ತಿದ್ದರು. ಲೈಟು ಪೂರ್ತಿ ಮಂಕಾದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ಲು. ಲೈಟು ಕದಲದೆ ಉರಿದು ಎಂಜಿನ್ ಸುಮ್ಮನಿದ್ದರೆ ಸೆಲ್ಫಿನ ಕಡೆ ನೋಡಬೇಕು. ಆಮೇಲೆ ಎರಡೂ ಟರ್ಮಿನಲ್ಲುಗಳ ಮೇಲೆ ಕೈ, ಸಡಿಲವಾದದ್ದು ಬಿಸಿಯಾಗಿರುತ್ತದೆ. ಹಸಿರು ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆಸೋಡ ಹಾಕಿ ತೊಳೆದು, ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿ ಕಳಿಸುತ್ತಿದ್ದರು. ನಮ್ಮಲ್ಲಿಗೆ ಬಂದ ಎಷ್ಟೋ 'ವೀಕ್ ಬ್ಯಾಟರಿ'ಗಳ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಾವ ಅದಕ್ಕೆ ಕಾಸು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಆಮೇಲೆ ಹೈಡ್ರೋಮೀಟರು. ಆರು ಬಾಯಿಯಲ್ಲೂ ಅದ್ದಿ ಆಸಿಡ್ ಹೀರಿ ಅದರ ಗ್ರಾವಿಟಿ, ಅಂದರೆ ಸಾಂದ್ರತೆ, ಓದಬೇಕು. 1.250 ಇದ್ದರೆ ನಮ್ಮ ಬಾಯಲ್ಲಿ "ಹನ್ನೆರಡು ಐವತ್ತು", ಅಂದರೆ ಒಳ್ಳೆಯ ಚಾರ್ಜು. "ಹನ್ನೊಂದು ಐವತ್ತು" ಅಂದರೆ ಬ್ಯಾಟರಿ ಮಲಗಿದೆ. ಆದರೆ ಅಂಕಿಗಿಂತ ಅಂಕಿಗಳ ಅಂತರ ಮುಖ್ಯ, ನಾನು ಕಲಿತ ದೊಡ್ಡ ಪಾಠ ಇದು. ಆರೂ ಒಂದೇ ಸಮ ಕೆಳಗಿದ್ದರೆ ಬ್ಯಾಟರಿಯದು ತಪ್ಪಿಲ್ಲ, ಅದಕ್ಕೆ ಊಟ ಸಿಗುತ್ತಿಲ್ಲ. ಡೈನಮೋ ಬೆಲ್ಟು ಸಡಿಲ, ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಗಾಡಿ ಮನೆಯಿಂದ ಪೇಟೆಗೆ ಮಾತ್ರ ಓಡುತ್ತದೆ. ಐದು ಸರಿಯಿದ್ದು ಒಂದೇ ಕೆಳಗಿದ್ದರೆ ಆ ಸೆಲ್ ಹೋಗಿದೆ. ಹಸಿವಿಗೂ ಕಾಯಿಲೆಗೂ ವ್ಯತ್ಯಾಸ ತಿಳಿಯದವನು ಬ್ಯಾಟರಿ ಮಾರಬಾರದು ಅನ್ನುತ್ತಿದ್ದರು ಮಾವ.

ಒಂದು ಗಾಡಿಯ ನೆನಪು ಹೋಗುವುದಿಲ್ಲ. ಅಡಿಕೆ ವ್ಯಾಪಾರಿಯೊಬ್ಬರ ಅಂಬಾಸಿಡರ್. ಒಂದೇ ವರ್ಷದಲ್ಲಿ ಎರಡು ಹೊಸ ಬ್ಯಾಟರಿ ನುಂಗಿತ್ತು, ಬೇರೆ ಊರಿನ ಅಂಗಡಿಯಲ್ಲಿ ಹಾಕಿಸಿದ್ದು. ಜುಲೈ ತಿಂಗಳು, ಮಳೆ ಬಿಟ್ಟೇ ಇರಲಿಲ್ಲ. ಗ್ರಾವಿಟಿ ಆರರಲ್ಲೂ ಹನ್ನೆರಡು ನಲವತ್ತು. ಟರ್ಮಿನಲ್ ಸ್ವಚ್ಛ. ಆದರೂ ಸೆಲ್ಫ್ ನರಳುತ್ತದೆ. ಮಾವ ನನ್ನನ್ನು ಡ್ರೈವರ್ ಪಕ್ಕ ಕೂರಿಸಿ, "ಚೋಕ್ ಕೇಬಲ್ ಹಿಡ್ಕೋ" ಅಂದರು. ಮೂರನೇ ಸಲ ಸೆಲ್ಫ್ ಹೊಡೆಯುವಾಗ ಕೇಬಲ್ ಕೈ ಸುಟ್ಟಿತು. ಎಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಅರ್ತ್ ಪಟ್ಟಿ ತುಕ್ಕು ಹಿಡಿದ ಬೋಲ್ಟಿನಡಿ ತಿಂದುಹೋಗಿತ್ತು. ಅಷ್ಟು ಆಂಪಿಯರೂ ವಾಪಸ್ಸು ಬರಲು ದಾರಿಯಿಲ್ಲದೆ ಚೋಕಿನ ತೆಳು ತಂತಿ ಹಿಡಿದು ಬರುತ್ತಿತ್ತು. ಮೂರು ರೂಪಾಯಿಯ ಪಟ್ಟಿ ಹಾಕಿ, ಬೋಲ್ಟಿನ ಜಾಗ ಹೊಳೆಯುವಷ್ಟು ಉಜ್ಜಿದೆವು. "ಸಾಹುಕಾರ್ರೇ, ಎರಡೂ ಹಳೆ ಬ್ಯಾಟರಿ ಎಲ್ಲಿ?" ಎಂದು ಮಾವ ಕೇಳಿದರು. ಗುಜರಿಗೆ ಹೋಗಿದ್ದವು. ಮಾವನ ಮುಖದಲ್ಲಿ ಅಂದು ಕಂಡ ಸಂಕಟ ದುಡ್ಡಿನದ್ದಾಗಿರಲಿಲ್ಲ, ಒಳ್ಳೆಯ ವಸ್ತು ಹಾಳಾಯಿತಲ್ಲ ಎಂಬುದು.

ನಮ್ಮ ಅಂಗಡಿ ಬರೀ ಗಾಡಿಗಳಿಂದ ಬದುಕಿದ್ದಲ್ಲ. ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆಲ್ಲ ಕರೆಂಟು ಕೊಟ್ಟ ಆ ಹಿನ್ನೀರಿನ ಆಚೆ ದಂಡೆಯ ಎಷ್ಟೋ ಮನೆಗಳಿಗೆ ಮಾತ್ರ ಬಹಳ ವರ್ಷ ಕರೆಂಟು ಬರಲಿಲ್ಲ. ತುಮರಿ ಕಡೆಯವರು ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಲಾಂಚಿನಲ್ಲಿ ದಾಟಿಸಿ ಚಾರ್ಜಿಗೆ ತರುತ್ತಿದ್ದರು. ಮೊದಲು ರೇಡಿಯೋಗೆ, ಯಕ್ಷಗಾನದ ಮೈಕ್ ಸೆಟ್ಟಿಗೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ಕಪ್ಪುಬಿಳುಪು ಟಿವಿಗೆ. ಶನಿವಾರ ರಾತ್ರಿ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ ಬ್ಯಾಟರಿಗಳು ಕುದಿಯುವ ಸದ್ದು, ಮೂಗಿಗೆ ಹತ್ತುವ ಆಸಿಡ್ ಆವಿ. ಒಳಗೆ ಬೀಡಿ ಹಚ್ಚುವಂತಿಲ್ಲ, ಏಳುವುದು ಜಲಜನಕ. ಯಾರ ಬ್ಯಾಟರಿ ಯಾವುದೆಂದು ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆಯುತ್ತಿದ್ದೆ. ಆ ಊರುಗಳಲ್ಲಿ ಕೆಲವನ್ನು ಆ ಪೆಟ್ಟಿಗೆಗಳಿಂದಲೇ ನಾನು ಕಲಿತದ್ದು.

ಎಂಬತ್ತರ ದಶಕದ ಕೊನೆಗೆ ಪ್ಲಾಸ್ಟಿಕ್ ಪೆಟ್ಟಿಗೆ ನಮ್ಮೂರಿಗೂ ಬಂತು. ಒಂದೇ ಮುಚ್ಚಳ, ಬಿಸಿಯಲ್ಲೇ ಬೆಸೆದದ್ದು. ಸೀಸದ ಪಟ್ಟಿ ಮೇಲಿನಿಂದ ಮಾಯವಾಗಿ ಒಳಗೋಡೆಯನ್ನು ತೂರಿ ಹೋಯಿತು. ಹಗುರ, ಸೋರುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಒಂದು ಸೆಲ್ ಹೋದರೆ ಆರೂ ಹೋದಂತೆ. ನೀರು ಹಾಕುವುದೇ ಬೇಡದ ಬ್ಯಾಟರಿ ಬಂದ ಮೇಲೆ ಹೈಡ್ರೋಮೀಟರ್ ಅದ್ದಲು ಬಾಯಿಯೇ ಇಲ್ಲ. 1983ರಿಂದ ಬಂದ ಮಾರುತಿ 800ಕ್ಕೆ ಹ್ಯಾಂಡಲ್ ಇರಲಿಲ್ಲ. ಕೈಯಿಂದ ಎಂಜಿನ್ ಎಬ್ಬಿಸುವ ವಿದ್ಯೆ ಒಂದೇ ತಲೆಮಾರಿನಲ್ಲಿ ಅಳಿಯಿತು.

ಹಳೆಯದೆಲ್ಲ ಚೆನ್ನಿತ್ತು ಎಂದು ನಾನು ಹೇಳಲಾರೆ. ಹಿತ್ತಿಲಲ್ಲಿ ಪ್ಲೇಟು ಕರಗಿಸುತ್ತಿದ್ದೆವು. ಕೆಸರನ್ನು ಚರಂಡಿಗೆ ತೊಳೆದುಬಿಡುತ್ತಿದ್ದೆವು. ಕೈ ತೊಳೆಯದೆ ಮಂಡಕ್ಕಿ ತಿನ್ನುತ್ತಿದ್ದೆವು. ಮಾವನಿಗೆ ಐವತ್ತೈದರ ನಂತರ ಬಿಡದ ಹೊಟ್ಟೆನೋವು, ಕೈನಡುಕ. ಸೀಸ ಮೈ ಸೇರಿದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದಾಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ನಮ್ಮ ಹಿತ್ತಿಲ ಬಾವಿಯ ನೀರನ್ನು ಎಷ್ಟು ಮನೆಯವರು ಕುಡಿದರು ಎಂದು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ. ಹಳೆ ಬ್ಯಾಟರಿಯನ್ನು ಮಾರಾಟಗಾರರೇ ವಾಪಸ್ಸು ಪಡೆಯಬೇಕೆಂಬ ನಿಯಮ 2001ರಲ್ಲಿ ಬಂತು, 2022ರಲ್ಲಿ ಇನ್ನೂ ಬಿಗಿಯಾಯಿತು. ಅದು ಮೂವತ್ತು ವರ್ಷ ಮೊದಲೇ ಬರಬೇಕಿತ್ತು.

ಹೋಗಬಾರದಾಗಿದ್ದದ್ದು ಆ ನೋಡುವ ಕ್ರಮ. ಇಂದು ಬೆಳಿಗ್ಗೆ ಕಾರು ನರಳಿದರೆ ಫೋನು ಮಾಡುತ್ತಾರೆ, ಹೊಸ ಬ್ಯಾಟರಿ ಮನೆಬಾಗಿಲಿಗೆ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳಲ್ಲಿ ಹಲವು ಬರೀ ಹಸಿದಿದ್ದವು. ನಾನು ಮನೆಯಲ್ಲೇ ಚಾರ್ಜಿಗೆ ಹಾಕಿಕೊಟ್ಟ ಹನ್ನೊಂದರಲ್ಲಿ ಎಂಟು ಇನ್ನೂ ಎರಡು ವರ್ಷ ಓಡಿದವು. ಬಾಯಿ ಮುಚ್ಚಿದ ಬ್ಯಾಟರಿಯನ್ನೂ ಕೇಳುವ ದಾರಿಯಿದೆ, ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬ ಚಾರ್ಜ್ ಮಾಡಿದ ಮೇಲೂ ಬಿದ್ದರೆ ಬ್ಯಾಟರಿಯ ಕಾಲ ಮುಗಿದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಒಳಗಿರಬೇಕು. ಇಲ್ಲದಿದ್ದರೆ ತಪ್ಪು ಚಾರ್ಜು ಕೊಡುವ ಆಲ್ಟರ್ನೇಟರಿನ ಕಡೆಯದು, ಹೊಸ ಬ್ಯಾಟರಿ ಹಾಕಿದರೂ ಅದೂ ಮಲಗುತ್ತದೆ.

ಈ ಮಳೆಗಾಲಕ್ಕೆ ಮೊದಲು ಒಮ್ಮೆ ಬಾನೆಟ್ ಎತ್ತಿ ಟರ್ಮಿನಲ್ ಅಲುಗಿಸಿ ನೋಡಿ, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟು ನೋಡಿ. ಬ್ಯಾಟರಿ ನಿಜಕ್ಕೂ ಸತ್ತಿದ್ದರೆ ಬೀದಿಯ ಗುಜರಿಗೆ ಹಾಕಬೇಡಿ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು, ಬಿಲ್ಲಿನಲ್ಲಿ ಬರೆಸಿಕೊಳ್ಳಿ.